ಲಕ್ವ ಹೊಡೆದಾಗ ಮಿದುಳಿನೊಳಗೆ ಏನಾಗುತ್ತೆ? ನರರೋಗ ತಜ್ಞರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಮೇಡಂ ಇವತ್ತು ರಾತ್ರಿ 8ರಿಂದ 9.30ರವರೆಗೆ ಸಿಗ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಹಾಸನದಿಂದ: ನಮಸ್ಕಾರ ಮೇಡಂ. ಮಾವನವರಿಗೆ ಬಲಗಡೆ ಲಕ್ವ ಹೊಡೀತು. ಒಂದೂವರೆ ಗಂಟೆಯೊಳಗೆ ಸಿಟಿ ಸ್ಕ್ಯಾನ್ ಆಯ್ತು, ನಾರ್ಮಲ್ ಅಂದ್ರು. ಮರುದಿನದ ಸಿಟಿಯಲ್ಲಿ ಎಡಗಡೆ ದೊಡ್ಡ ಕಪ್ಪು ಕಲೆ. ರಾತ್ರೋರಾತ್ರಿ ಅಷ್ಟು ಹಾಳಾಗಿದೆ ಅಂದ್ರೆ ಆಸ್ಪತ್ರೆಯವರದೇ ತಪ್ಪಲ್ವಾ?

ಡಾಕ್ಟರ್: ಬರೀ ಸಿಟಿ ನೋಡಿ ಹಾಗನ್ನೋಕಾಗಲ್ಲ. ಮೊದಲ ಸಿಟಿ ಮಾಡೋದು ಮುಖ್ಯವಾಗಿ ರಕ್ತಸ್ರಾವ ಇದೆಯಾ ಅಂತ ತಿಳಿಯೋಕೆ. ಚೆಲ್ಲಿದ ರಕ್ತ ಕೂಡಲೇ ಬಿಳಿಯಾಗಿ ಕಾಣುತ್ತೆ. ರಕ್ತ ಸಿಗದ ಜಾಗ ಕಪ್ಪಾಗೋಕೆ ಗಂಟೆಗಟ್ಟಲೆ ಬೇಕು.

ಒಳಗೆ ನಡೆಯೋದು ಇದು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರೀತಿರುತ್ತೆ. ಅದು 20ಕ್ಕಿಂತ ಇಳಿದ್ರೆ ನರಕೋಶ ಕೆಲಸ ನಿಲ್ಲಿಸುತ್ತೆ, ಆದ್ರೆ ಇನ್ನೂ ಸತ್ತಿರಲ್ಲ. ಕೈ ಎತ್ತೋಕಾಗಲ್ಲ, ಕೋಶ ಮಾತ್ರ ಜೀವ ಹಿಡ್ಕೊಂಡಿರುತ್ತೆ. 10ಕ್ಕಿಂತ ಇಳಿದ್ರೆ ಸೋಡಿಯಂ ಅನ್ನು ಹೊರಗೆ ತಳ್ಳುವ ಪಂಪು ನಿಲ್ಲುತ್ತೆ. ಸೋಡಿಯಂ ಒಳಗೆ ಬರುತ್ತೆ, ಅದರ ಬೆನ್ನಿಗೇ ನೀರು. ಕೋಶ ನೆನೆಹಾಕಿದ ಕಡಲೆಕಾಳಿನ ಹಾಗೆ ಊದುತ್ತೆ. ಅದರಿಂದ ಚೆಲ್ಲುವ ಗ್ಲುಟಮೇಟ್ (ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸೋ ರಾಸಾಯನಿಕ) ಅಕ್ಕಪಕ್ಕದ ಕೋಶಗಳಿಗೆ ಕ್ಯಾಲ್ಸಿಯಂ ನುಗ್ಗಿಸುತ್ತೆ. ಆಮೇಲೆ ಆ ಕೋಶಗಳ ಸ್ವಂತ ಕಿಣ್ವಗಳೇ ಅವುಗಳ ಪೊರೆ, ಎಳೆಗಳನ್ನ ತುಂಡು ಮಾಡ್ತವೆ. ನಡುವಿನ ಭಾಗ ನಿಮಿಷಗಳಲ್ಲಿ ಸಾಯುತ್ತೆ. ಸುತ್ತಲಿನ ಅಂಚನ್ನ ಪೆನಂಬ್ರಾ ಅಂತೀವಿ, ಅದು ಗಂಟೆಗಳ ಕಾಲ ತಡೆಯುತ್ತೆ. ನಮ್ಮ ಚಿಕಿತ್ಸೆಯೆಲ್ಲ ಆ ಅಂಚಿಗೋಸ್ಕರ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಹೋಗುತ್ತೆ ಅನ್ನೋದು 2006ರ ಲೆಕ್ಕ.

ಆ ಊತದ ನೀರೇ ಮರುದಿನ ನಿಮಗೆ ಕಂಡ ಕಪ್ಪು. ಎಂಆರ್‌ಐ ಡಿಫ್ಯೂಷನ್‌ನಲ್ಲಾದರೆ (ಮಿದುಳಲ್ಲಿ ನೀರಿನ ಚಲನೆ ತೋರಿಸೋ ಸ್ಕ್ಯಾನ್) ಮೊದಲ ಗಂಟೆಯಲ್ಲೇ ಕಾಣ್ತಿತ್ತು. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಒಂದೂವರೆ ಗಂಟೆಗೇ ಹೋಗಿದ್ದೀರಿ, ಸಿಟಿಯಲ್ಲಿ ರಕ್ತ ಇರಲಿಲ್ಲ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ರಾ? ಕೊಡದಿದ್ರೆ ಯಾಕೆ? ಕೇಸ್ ಶೀಟ್‌ನಲ್ಲಿ ಬರೆದಿರಬೇಕು, ನೋಡಿ.

ತುಮಕೂರಿನಿಂದ: ಆ ಇಂಜೆಕ್ಷನ್ ಎಷ್ಟು ಗಂಟೆಯೊಳಗೆ ಕೊಡಬೇಕು?

ಡಾಕ್ಟರ್: ನಾಲ್ಕೂವರೆ. ಆಲ್ಟಿಪ್ಲೇಸ್ ಆದ್ರೆ ಕೆ.ಜಿ.ಗೆ 0.9 ಮಿ.ಗ್ರಾಂ, 90 ಮೀರಬಾರದು. ಹತ್ತರಲ್ಲೊಂದು ಪಾಲು ಒಂದೇ ಸಲಕ್ಕೆ, ಮಿಕ್ಕಿದ್ದು ಒಂದು ಗಂಟೆಯಲ್ಲಿ. ಗಂಟೆ ಎಣಿಸೋದು ರೋಗಿ ಚೆನ್ನಾಗಿದ್ದಿದ್ದನ್ನ ಕೊನೇ ಸಲ ನೋಡಿದ ಹೊತ್ತಿನಿಂದ, ನಿದ್ದೆಯಿಂದ ಎದ್ದ ಹೊತ್ತಿನಿಂದಲ್ಲ.

ಧಾರವಾಡದಿಂದ: ನಮ್ಮತ್ತಿಗೆ ಮೂಗಿನ ನಳಿಗೆಯಿಂದ ಗಂಜಿ ಹಾಕಾಕತ್ತೇವ್ರಿ. ಎಷ್ಟು ದಿನ ಬೇಕಾಗ್ತದ್ರಿ?

ರಾಯಚೂರಿನಿಂದ: ಹತ್ತು ಬೆರಳಿನ ತುದಿಗೆ ಸೂಜಿ ಚುಚ್ಚಿ ಒಂದೊಂದು ಹನಿ ರಕ್ತ ತೆಗೆದ್ರೆ ಮಿದುಳಿನ ಒತ್ತಡ ಇಳೀತದ, ಚೀನಾದವರು ಹಿಂಗ ಮಾಡ್ತಾರ ಅಂತ ಬಂದದ ಮೇಡಂ. ಖರೇನಾ?

ಡಾಕ್ಟರ್: ಸುಳ್ಳು. ಕಟ್ಟಿಕೊಂಡಿರೋದು ತಲೆಯೊಳಗಿನ ನಾಳ, ಬೆರಳಿಂದ ಹತ್ತು ಹನಿ ತೆಗೆದ್ರೆ ಅಲ್ಲಿ ಏನೂ ಬದಲಾಗಲ್ಲ. ಹತ್ತು ಬೆರಳು ಚುಚ್ಚೋ ಹೊತ್ತಿಗೆ 108 ಬಂದು ನಿಂತಿರುತ್ತೆ.

ಮಂಡ್ಯ, ಮೆಡಿಕಲ್ ಸ್ಟೋರ್: ಅದು ಬಿಡಿ. ಒಂದು ಆಸ್ಪಿರಿನ್, ಬಿಪಿ ಜಾಸ್ತಿ ಇದ್ರೆ ನಾಲಿಗೆ ಕೆಳಗಿಡೋ ಮಾತ್ರೆ, ಇಷ್ಟು ಕೊಟ್ಟು ಕಳಿಸೋದು ಒಳ್ಳೇದು.

ಉಡುಪಿ, ಸ್ಟಾಫ್ ನರ್ಸ್: ದಯವಿಟ್ಟು ಎರಡೂ ಕೊಡಬೇಡಿ ಮಾರಾಯ್ರೆ. ರಕ್ತಸ್ರಾವ ಆಗಿದ್ರೆ? ನುಂಗ್ಲಿಕ್ಕೆ ಆಗದವರಿಗೆ ಮಾತ್ರೆ, ನೀರು ಕೊಟ್ರೆ ಶ್ವಾಸಕೋಶಕ್ಕೆ ಹೋಗ್ತದೆ.

ಮಂಡ್ಯ, ಮೆಡಿಕಲ್ ಸ್ಟೋರ್: ಹಾರ್ಟ್ ಅಟ್ಯಾಕ್‌ಗೆ ಕೊಡಲ್ವಾ? ಇಪ್ಪತ್ತು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ, ನನಗೆ ಪಾಠ ಬೇಡ.

ಉಡುಪಿ, ಸ್ಟಾಫ್ ನರ್ಸ್: ಅಂಗಡಿಯಲ್ಲಿ ಸಿಟಿ ಮಿಷನ್ ಉಂಟಾ?

ಡಾಕ್ಟರ್: ಸಿಸ್ಟರ್ ಹೇಳಿದ್ದು ಸರಿ. ಬಿಪಿ ವಿಷಯ ಇನ್ನೂ ಮುಖ್ಯ: ಆ ಅಂಚಿನ ಕೋಶಗಳು ಬದುಕಿರೋದೇ ಬಿಪಿಯ ಒತ್ತಡದಿಂದ ಅಡ್ಡದಾರಿಯಲ್ಲಿ ಬರೋ ರಕ್ತದಿಂದ. ಮಾತ್ರೆ ಕೊಟ್ಟು ದಢಾರ್ ಅಂತ ಇಳಿಸಿದ್ರೆ ಅವೂ ಸಾಯ್ತವೆ. ಹೆಪ್ಪಿನ ಲಕ್ವದಲ್ಲಿ ಇಂಜೆಕ್ಷನ್ ಕೊಡದಿದ್ರೆ 220/120 ದಾಟೋವರೆಗೆ ಸಾಮಾನ್ಯವಾಗಿ ಮುಟ್ಟಲ್ಲ, ಕೊಡೋದಾದ್ರೆ 185/110ರ ಕೆಳಗೆ ತರ್ತೀವಿ. ಅದು ಆಸ್ಪತ್ರೆ ಕೆಲಸ.

ಕೋಲಾರದಿಂದ: ಇಂಜೆಕ್ಷನ್ ಎಷ್ಟು ಗಂಟೆಯೊಳಗೆ ಮೇಡಂ?

ಡಾಕ್ಟರ್: ಮೇಲಿದೆ.

ಶಿವಮೊಗ್ಗದಿಂದ: ಅಣ್ಣನಿಗೆ 52. ಮೊನ್ನೆ ರಾತ್ರಿ 10ಕ್ಕೆ ಎಡಗಡೆ ಬಿತ್ತು. ಬಲಗಡೆ ದೊಡ್ಡ ನಾಳ ಪೂರ್ತಿ ಬ್ಲಾಕ್ ಅಂದಿದ್ದಾರೆ. ನಿನ್ನೆ ಮಾತಾಡ್ತಿದ್ದ. ಇವತ್ತು ಸಂಜೆಯಿಂದ ಬರೀ ನಿದ್ದೆ, ಕರೆದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ತಾನೆ. ಸುಸ್ತಿರಬೇಕು, ಮಲಗಲಿ ಅಂತ ಬಿಟ್ಟಿದ್ದೀವಿ.

ಡಾಕ್ಟರ್: ಬಿಡಬೇಡಿ. ಓದ್ತಾ ಇರುವಾಗಲೇ ಒಬ್ಬರು ಎದ್ದು ಡ್ಯೂಟಿ ಡಾಕ್ಟರನ್ನ ಕರೆಯಿರಿ. ಸತ್ತ ಭಾಗದ ಊತ 2ರಿಂದ 5ನೇ ದಿನದೊಳಗೆ ಅತಿ ಹೆಚ್ಚಾಗುತ್ತೆ. ತಲೆಬುರುಡೆ ಹಿಗ್ಗಲ್ಲ, ಊದಿದ ಬಲಭಾಗ ಮಧ್ಯದ ಗೆರೆ ದಾಟಿ ಎಡಕ್ಕೆ ಒತ್ತುತ್ತೆ, ಕೆಳಗೆ ಎಚ್ಚರ, ಉಸಿರಾಟ ನಡೆಸೋ ಮಿದುಳಕಾಂಡಕ್ಕೆ ಒತ್ತುತ್ತೆ. ಮೊದಲ ಲಕ್ಷಣ ಈ ಮಂಪರೇ. ಒಂದು ಪಾಪೆ ದೊಡ್ಡದಾಗೋವರೆಗೆ ಕಾದ್ರೆ ತಡವಾಗಿರುತ್ತೆ.

ಕೇಳಿ: ಪಾಪೆ ಎರಡೂ ಒಂದೇ ಸಮ ಇವೆಯಾ, ಈಗಲೇ ಇನ್ನೊಂದು ಸಿಟಿ ಆಗುತ್ತಾ, ಆ ಆಸ್ಪತ್ರೆಯಲ್ಲಿ ನ್ಯೂರೋಸರ್ಜನ್ ಇದ್ದಾರಾ. ತಲೆಕಡೆ 30 ಡಿಗ್ರಿ ಎತ್ತರ ಇರಲಿ. ಡೆಕ್ಸ್‌ಟ್ರೋಸ್ ಡ್ರಿಪ್ ಹೋಗ್ತಿದ್ರೆ ಯಾಕೆ ಅಂತ ಕೇಳಿ, ಅದರ ನೀರು ಊತಕ್ಕೇ ಸೇರುತ್ತೆ. ಊತದ ನೀರೆಳೆಯೋ ಮ್ಯಾನಿಟಾಲ್ ಡ್ರಿಪ್ ಕೆಲವು ಗಂಟೆ ಸಮಯ ಕೊಡುತ್ತೆ, ಅಷ್ಟೇ. ದಾರಿ ಅಂದ್ರೆ ಬುರುಡೆಯ ಮೂಳೆ ಕನಿಷ್ಠ 12 ಸೆಂ.ಮೀ. ಅಗಲ ತೆಗೆದು ಊತಕ್ಕೆ ಜಾಗ ಮಾಡೋದು. 60ರೊಳಗಿನವರಿಗೆ 48 ಗಂಟೆಯೊಳಗೆ ಮಾಡಿದ ಯುರೋಪಿನ ಮೂರು ಅಧ್ಯಯನಗಳನ್ನ 2007ರಲ್ಲಿ ಒಟ್ಟುಗೂಡಿಸಿದಾಗ, ಆಪರೇಷನ್ ಆದವರಲ್ಲಿ 100ಕ್ಕೆ 78 ಜನ ಉಳಿದ್ರು, ಆಗದವರಲ್ಲಿ 29. ಬಿದ್ದ ಕೈಕಾಲು ಇದರಿಂದ ವಾಪಸ್ ಬರಲ್ಲ, ಜೀವ ಉಳಿಸೋಕೆ ಮಾಡೋದು. ನಿಮಗೆ ಈಗ 47ನೇ ಗಂಟೆ. 48 ದಾಟಿದ ತಕ್ಷಣ ಬಾಗಿಲು ಮುಚ್ಚಲ್ಲ, ಆದ್ರೆ ಬೆಳಗ್ಗೆ ನೋಡೋಣ ಅನ್ನೋ ಮಾತು ಬೇಡ.

ದಾವಣಗೆರೆಯಿಂದ: ಸಿಟಿಕೋಲಿನ್ ಮಾತ್ರೆ ಮೂರು ತಿಂಗಳಿಗೆ ಬರೆದಿದ್ದಾರೆ. ಸತ್ತ ನರ ಚಿಗುರುತ್ತಾ?

ಡಾಕ್ಟರ್: ಸತ್ತದ್ದು ಚಿಗುರಲ್ಲ. 2012ರ ದೊಡ್ಡ ಅಧ್ಯಯನದಲ್ಲಿ ಆ ಮಾತ್ರೆಗೂ ಖಾಲಿ ಮಾತ್ರೆಗೂ ವ್ಯತ್ಯಾಸ ಸಿಗಲಿಲ್ಲ. ಆ ದುಡ್ಡು ಫಿಸಿಯೋಥೆರಪಿಗೆ ಹಾಕಿ. ಉಳಿದ ಭಾಗ ಹೊಸ ಕೆಲಸ ಕಲಿಯೋದು ಪದೇಪದೇ ಮಾಡಿಸಿದಾಗ.

ಮಂಡ್ಯ, ಮೆಡಿಕಲ್ ಸ್ಟೋರ್: ಹಾಗಾದ್ರೆ ಬರೆಯೋ ಡಾಕ್ಟರೆಲ್ಲ ದಡ್ಡರಾ?

ಉಡುಪಿ, ಸ್ಟಾಫ್ ನರ್ಸ್: ಮಾರುವವರಿಗೆ ಬೇಜಾರಾಗ್ತದೆ, ಸಹಜ.

ಬಳ್ಳಾರಿಯಿಂದ: ಬೆಳಗ್ಗೆ ಅಪ್ಪನ ಬಾಯಿ ಸೊಟ್ಟಾಗಿ ಮಾತು ತೊದಲಿತ್ತು, 20 ನಿಮಿಷಕ್ಕೆ ಸರಿ ಹೋಯ್ತು. ಸೋಮವಾರ ತೋರಿಸಿದ್ರೆ ಸಾಕಾ?

ಡಾಕ್ಟರ್: ಸಾಲದು. ಈಗಲೇ ಹೋಗಿ. ಮುಂದಿನ 48 ಗಂಟೆಯಲ್ಲೇ ದೊಡ್ಡದು ಹೊಡೆಯೋ ಅಪಾಯ ಹೆಚ್ಚು.

ವಿಜಯಪುರದಿಂದ: ಪಾರಿವಾಳದ ರಕ್ತ ಹಚ್ಚಿ ತಿಕ್ಕಿದ್ರ...

ಡಾಕ್ಟರ್: ಅಡ್ಮಿನ್, ಇದನ್ನ ತೆಗೀರಿ. ಶಿವಮೊಗ್ಗದವರು ಇದ್ದೀರಾ?

ಕೋಲಾರದಿಂದ: ಮೇಲೆ ಎಲ್ಲಿದೆ ಮೇಡಂ? ಒಂದು ಸಾಲು ಹೇಳೋಕೆ ಏನು ಕಷ್ಟ?

ಶಿವಮೊಗ್ಗದಿಂದ: ಸಿಟಿಗೆ ಕರ್ಕೊಂಡು ಹೋದ್ರು ಮೇಡಂ. ಬಲಗಣ್ಣಿನ ಪಾಪೆ ಸ್ವಲ್ಪ ದೊಡ್ಡದಿದೆ ಅಂದ್ರು.

ಡಾಕ್ಟರ್: ನನ್ನ ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೀನಿ. ಅಲ್ಲಿನ ಡಾಕ್ಟರ್ ಹತ್ರ ಕಾಲ್ ಮಾಡಿಸಿ. ಇವತ್ತಿಗೆ ನಾನು ಇಲ್ಲಿ ಇಷ್ಟೇ.

ಧಾರವಾಡದಿಂದ: ನಳಿಗೆದು ಕೇಳಿದ್ದೆ ನೋಡ್ರಿ, ಯಾರೂ ಹೇಳ್ಲೇ ಇಲ್ಲ.

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ.