ಪದಚರ್ಚೆ: ‘ಮಾರ್ಗೀಕರಣ’ ಬೇಡವೆಂದವನು ‘ಪರ್ಯಾಯ’ ಬಳಸಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಉಡುಪಿಯವನು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅವನ ಮೂವರು ಗೆಳೆಯರೂ ಸೇರಿ ಕಾರ್ಕಳ ತಾಲೂಕಿನ ಮಾಳದ ಕಡೆಯ ಒಂದು ಅಡಿಕೆ ತೋಟದಲ್ಲಿ ಮಣ್ಣಿನ ತೇವ, ಗಾಳಿಯ ತೇವ, ಉಷ್ಣತೆ ಅಳೆಯುವ 24 ಡಬ್ಬಿಗಳನ್ನು ಮರಗಳಿಗೆ ಕಟ್ಟಿದ್ದಾರೆ. ಒಂದೊಂದರಲ್ಲೂ ಎರಡು ಪೆನ್ಸಿಲ್ ಸೆಲ್, ಹೆಬ್ಬೆರಳಿನಷ್ಟು ಆಂಟೆನಾ. ಡಬ್ಬಿಯಿಂದ ಡಬ್ಬಿಗೆ ಮಾಹಿತಿ ದಾಟಿ, ಕೊನೆಗೆ ಪಂಪ್‌ಶೆಡ್ಡಿನಲ್ಲಿ ಕರೆಂಟಿಗೆ ಸಿಕ್ಕಿಸಿರುವ ದೊಡ್ಡ ಡಬ್ಬಿಗೆ ಸೇರುತ್ತದೆ. ‘ತೋಟದವರಿಗೆ ಓದಲು ನಾಲ್ಕು ಪುಟದ ಕನ್ನಡ ಕೈಪಿಡಿ ಬೇಕು ಮಾವ’ ಎಂದು ಹುಡುಗ ಕೆಲಸವನ್ನು ನನ್ನ ತಲೆಗೆ ಕಟ್ಟಿದ.

ನಾನು ಕೈಗೆ ಸಿಕ್ಕಿದ ಪಾರಿಭಾಷಿಕ ಪದಗಳನ್ನೆಲ್ಲ ಜೋಡಿಸಿ ಗಂಭೀರವಾಗಿ ಬರೆದೆ. ‘ನಿಸ್ತಂತು ಸಂವೇದಕ ಜಾಲದಲ್ಲಿ ಸ್ಥಾನ ನಿರ್ಣಯ, ಮಾರ್ಗೀಕರಣ ಮತ್ತು ಶಕ್ತಿ ದಕ್ಷತೆ’ ಎಂಬುದು ಮೊದಲ ಪುಟದ ತಲೆಬರಹ. (ಮಾರ್ಗೀಕರಣ ಎಂದರೆ ಇಂಗ್ಲಿಷಿನ ರೂಟಿಂಗ್; ಮಾಹಿತಿ ಯಾವ ಯಾವ ಡಬ್ಬಿ ದಾಟಿ ಹೋಗಬೇಕೆಂದು ಗೊತ್ತು ಮಾಡುವುದು.) ತೋಟದ ಯಜಮಾನರು ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು: ‘ಮಾಸ್ಟ್ರೇ, ಮಾರ್ಗ ತೋಟದ ಯಾವ ಬದಿಯಿಂದ ಬರುತ್ತದೆ? ನಮ್ಮದು ಎಷ್ಟು ಸೆಂಟ್ಸ್ ಹೋಗಬಹುದು?’

ಘಟ್ಟದ ಮೇಲಿನ ಓದುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ‘ಮಾರ್ಗ’ ಎಂದರೆ ಡಾಮರು ಹಾಕಿದ ರಸ್ತೆ. ‘ಮಾರ್ಗದ ಬದಿಯ ಅಂಗಡಿ’, ‘ಮಕ್ಕಳು ಮಾರ್ಗ ದಾಟುವಾಗ ಜಾಗ್ರತೆ’ ಎಂಬುದು ದಿನದ ಮಾತು; ತುಳುವಿನಲ್ಲಿಯೂ ಹಾಗೆಯೇ. ಶಾಸ್ತ್ರದ ಮಾರ್ಗ, ಭಕ್ತಿಯ ಮಾರ್ಗ ಪುಸ್ತಕದಲ್ಲಿ ಇವೆ, ಆದರೆ ತೋಟದ ವಿಷಯ ಬಂದಾಗ ಮಾರ್ಗವೆಂದರೆ ಜೆಸಿಬಿ ಬರುವುದು, ಮರ ಹೋಗುವುದು. ಹಾಗಾಗಿ ‘ಮಾರ್ಗೀಕರಣ’ ಎಂದರೆ ತೋಟದೊಳಗೆ ರಸ್ತೆ ಮಾಡುವುದು ಎಂದು ಅವರು ಓದಿಕೊಂಡದ್ದರಲ್ಲಿ ತಪ್ಪು ನನ್ನದೇ.

ಆ ಪದದ ಬಗ್ಗೆ ನನಗೆ ಇನ್ನೊಂದು ತಕರಾರೂ ಇದೆ. ರಸ್ತೆ ಒಮ್ಮೆ ಮಾಡಿದರೆ ಇದ್ದಲ್ಲಿಯೇ ಇರುತ್ತದೆ. ಈ ಜಾಲದಲ್ಲಿ ಹಾಗೆ ಮಾಡಿಟ್ಟ ದಾರಿ ಯಾವುದೂ ಇಲ್ಲ. ಮಳೆ ಬಂತು, ಸೋಗೆ ನೆನೆದು ಅಡ್ಡ ಬಂತು, ಒಂದು ಡಬ್ಬಿಯ ಸೆಲ್ ಮುಗಿಯಿತು; ನಿನ್ನೆಯ ದಾರಿ ಇವತ್ತಿಲ್ಲ. ಆಗಾಗ ದಾರಿ ಆರಿಸಿಕೊಳ್ಳುವುದೇ ಕೆಲಸ. ಆದ್ದರಿಂದ ‘ದಾರಿ ಆರಿಸುವುದು’ ಎಂದೇ ಬರೆದೆ. ಕ್ರಿಯಾಪದ ಸಾಕಾಗುವ ಕಡೆ ‘-ೀಕರಣ’ದ ಕೋಟು ಯಾಕೆ?

ಒಂದು ಡಬ್ಬಿಯಿಂದ ಮುಂದಿನ ಡಬ್ಬಿಗೆ ಹೋಗುವುದಕ್ಕೆ ಹುಡುಗರು ‘ಹಾಪ್’ ಎನ್ನುತ್ತಾರೆ. ‘ಜಿಗಿತ’ ಎಂದು ಬಳಸಿರುವುದನ್ನು ನೋಡಿದ್ದೇನೆ, ಆದರೆ ಜಿಗಿಯುವವನು ಮಧ್ಯದಲ್ಲಿ ಏನನ್ನೋ ಬಿಟ್ಟು ಹೋಗುತ್ತಾನೆ. ನನಗೆ ಕಡವು ನೆನಪಾಯಿತು. ಸೇತುವೆ ಬರುವ ಮೊದಲು ಹೊಳೆ ದಾಟಲು ಕಡವಿನ ದೋಣಿ ಇರುತ್ತಿತ್ತು. ಪ್ರತಿ ಕಡವಿಗೂ ಹತ್ತುವ ಇಳಿಯುವ ಖರ್ಚು ಇರುತ್ತಿತ್ತು. ‘ದಾಟು’ ಎಂದರೆ ಆ ಖರ್ಚೂ ಸೇರಿದಂತೆ ಕೇಳಿಸುತ್ತದೆ. ಇಲ್ಲಿ ಖರ್ಚೇ ಮುಖ್ಯ. 2000ದಲ್ಲಿ ಅಮೆರಿಕದ ಎಂಐಟಿಯ ವೆಂಡಿ ಹೈಂಜಲ್ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ಒಂದು ಸರಳ ಲೆಕ್ಕ ಮುಂದಿಟ್ಟರು: ಒಂದು ಬಿಟ್ ಕಳಿಸುವ ಯಂತ್ರಕ್ಕೆ 50 ನ್ಯಾನೋಜೂಲ್ ಶಕ್ತಿ, ಪಡೆಯುವ ಯಂತ್ರಕ್ಕೆ 50, ಅದರ ಮೇಲೆ ದೂರದ ವರ್ಗಕ್ಕೆ ತಕ್ಕಂತೆ, ಪ್ರತಿ ಚದರ ಮೀಟರಿಗೆ 100 ಪಿಕೋಜೂಲ್, ಅಂದರೆ ಒಂದು ನ್ಯಾನೋಜೂಲಿನ ಹತ್ತರಲ್ಲೊಂದು ಪಾಲು. ಇದರ ಪ್ರಕಾರ 100 ಮೀಟರನ್ನು ಒಂದೇ ದಾಟಿನಲ್ಲಿ ಮುಗಿಸಿದರೆ 1,100 ನ್ಯಾನೋಜೂಲ್. ನಡುವೆ ಒಂದು ಡಬ್ಬಿ ಇಟ್ಟು ಎರಡು ದಾಟು ಮಾಡಿದರೆ 700. ಲಾಭ. ಆದರೆ 20 ಮೀಟರನ್ನೇ ಎರಡು ಮಾಡಿದರೆ? ಒಂದು ದಾಟಿಗೆ 140, ಎರಡಕ್ಕೆ 220. ಅಂದರೆ ಕಾಲೆತ್ತಿ ದಾಟುವ ತೋಡಿಗೆ ದೋಣಿ ಹಾಕಿದ ಹಾಗೆ. ಈ ಉದಾಹರಣೆ ಕೇಳಿದ ಮೇಲೆ ಯಜಮಾನರು ಡಬ್ಬಿಗಳನ್ನು ಹತ್ತಿರ ಹತ್ತಿರ ಕಟ್ಟಬೇಕೆಂಬ ಹಟ ಬಿಟ್ಟರು.

ಒಂದು ಡಬ್ಬಿಯ ಮಾತು ಎಷ್ಟು ದೂರ ಕೇಳಿಸುತ್ತದೆ ಎಂಬುದಕ್ಕೆ ನಾನು ಮೊದಲು ‘ಪ್ರಸರಣ ವ್ಯಾಪ್ತಿ’ ಎಂದು ಬರೆದಿದ್ದೆ. ಅದನ್ನು ಹೊಡೆದು ‘ಕೂಗಳತೆ’ ಎಂದು ಹಾಕಿದೆ. ಕೈಪಿಡಿಯಲ್ಲಿ ನನಗೆ ಸಂಪೂರ್ಣ ತೃಪ್ತಿ ಕೊಟ್ಟ ಪದ ಇದೊಂದೇ. ಗಾಳಿ, ಮಳೆ, ಮರ ನೋಡಿಕೊಂಡು ಕೂಗಳತೆ ಹೆಚ್ಚು ಕಡಿಮೆ ಆಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ದ್ರಾಗೋಶ್ ನಿಕುಲೆಸ್ಕು ಮತ್ತು ಬದ್ರಿ ನಾಥ್ ಸೂಚಿಸಿದ ಡಿವಿ-ಹಾಪ್ ಎಂಬ ವಿಧಾನವನ್ನೂ ಈ ಪದದಿಂದಲೇ ವಿವರಿಸಿದೆ. ಡಬ್ಬಿಯು ತನ್ನ ನೆಲೆಯನ್ನು ತಾನೇ ತಿಳಿದುಕೊಳ್ಳಬೇಕು. ಒಂದೊಂದರಲ್ಲೂ ಜಿಪಿಎಸ್ ಇಟ್ಟರೆ ಬೆಲೆ ಏರುತ್ತದೆ, ಸೆಲ್ ಬೇಗ ತೀರುತ್ತದೆ, ದಟ್ಟ ಸೋಗೆಯ ಕೆಳಗೆ ಉಪಗ್ರಹದ ಸಂಕೇತವೂ ಮಂಕು. ಹಾಗಾಗಿ ಕೆಲವು ಡಬ್ಬಿಗಳ ನೆಲೆಯನ್ನು ಮಾತ್ರ ಅಳೆದು ಇಟ್ಟಿರುತ್ತಾರೆ. ಅವುಗಳ ನಡುವಿನ ದೂರವನ್ನು ನಡುವಿನ ದಾಟುಗಳಿಂದ ಭಾಗಿಸಿದರೆ ಒಂದು ದಾಟಿನ ಸರಾಸರಿ ಉದ್ದ ಸಿಗುತ್ತದೆ. ಉಳಿದ ಡಬ್ಬಿಗಳು ‘ನಾನು ಅವನಿಂದ ಮೂರು ಕೂಗಳತೆ, ಇವನಿಂದ ಎರಡು, ಅವಳಿಂದ ನಾಲ್ಕು’ ಎಂದು ಎಣಿಸಿ, ಆ ಉದ್ದದಿಂದ ಗುಣಿಸಿ, ತಾವು ಎಲ್ಲಿದ್ದೇವೆ ಎಂದು ಅಂದಾಜು ಮಾಡುತ್ತವೆ. ಕರಾರುವಾಕ್ಕಾದ ಲೆಕ್ಕವಲ್ಲ. ಡಬ್ಬಿಗಳು ಸಮನಾಗಿ ಹರಡಿದ್ದರೆ ಮಾತ್ರ ಸುಮಾರಿಗೆ ಸರಿ.

ನೆಲೆ ಮೊದಲೇ ಗೊತ್ತಿರುವ ಆ ಡಬ್ಬಿಗಳಿಗೆ ಎಂಜಿನಿಯರುಗಳು ಲಂಗರಿನ ಹೆಸರಿಟ್ಟಿದ್ದಾರೆ. ಮಲ್ಪೆಯಲ್ಲಿ ಲಂಗರು ಗೊತ್ತಿಲ್ಲದ ಮಗು ಇಲ್ಲ, ಆದರೆ ಲಂಗರಿನ ಕೆಲಸ ಹಿಡಿದು ನಿಲ್ಲಿಸುವುದು. ಇಲ್ಲಿ ಬೇಕಾದದ್ದು ನೋಡಿ ಗುರುತು ಹಿಡಿಯಲು ಒಂದು ಆಧಾರ. ನಾನು ‘ಗುರುತುಕಲ್ಲು’ ಎಂದು ಬರೆದಿದ್ದೇನೆ. ಸರ್ವೆ ಕಲ್ಲಿನ ನೆರಳು ಅದರಲ್ಲಿ ಇದೆ, ತೋಟದವರಿಗೆ ಹೊಂದುತ್ತದೆ. ಆದರೂ ಇದಕ್ಕಿಂತ ಒಳ್ಳೆಯ ಪದ ಕಡಲಿನಲ್ಲಿ ಇರಬೇಕು. ಜಿಪಿಎಸ್ ಬರುವ ಮೊದಲು ದೋಣಿಯವರು ದಡದ ಎರಡು ಗುರುತುಗಳನ್ನು, ಒಂದು ಗುಡ್ಡದ ತುದಿ ಮತ್ತು 1901ರಿಂದ ನಿಂತಿರುವ ಕಾಪುವಿನ ಲೈಟ್‌ಹೌಸ್ ಎಂದಿಟ್ಟುಕೊಳ್ಳಿ, ಒಂದೇ ಗೆರೆಗೆ ತಂದುಕೊಂಡು, ಇನ್ನೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಗೆರೆ ಹಿಡಿದು, ಮೀನು ಸಿಕ್ಕಿದ ಜಾಗವನ್ನು ಮರುದಿನ ಮತ್ತೆ ಹುಡುಕುತ್ತಿದ್ದರು. ಎರಡು ಗೆರೆ ಕೂಡುವಲ್ಲಿ ನೆಲೆ. ಗಣಿತ ಬೇರೆಯಾದರೂ ಉಪಾಯ ಒಂದೇ.

‘ಶಕ್ತಿ ದಕ್ಷತೆ’ಯ ಪಾಡು ಬೇರೆ. ನಮ್ಮಲ್ಲಿ ದಕ್ಷ ಎಂಬ ವಿಶೇಷಣ ಸಾಮಾನ್ಯವಾಗಿ ಅಧಿಕಾರಿಗಳಿಗೆ, ಅದೂ ವರ್ಗಾವಣೆಯ ಸುದ್ದಿಯಲ್ಲಿ. ದಕ್ಷ ಅಧಿಕಾರಿ ಎಂದರೆ ನಿದ್ದೆಗೆಟ್ಟು ದುಡಿಯುವವರು. ದಕ್ಷ ಡಬ್ಬಿಯೋ, ದಿನವಿಡೀ ನಿದ್ದೆ ಮಾಡುವಂಥದ್ದು! ಈ ಡಬ್ಬಿಗಳಲ್ಲಿ ಸೆಲ್ ತಿನ್ನುವುದು ಅಳತೆಯಲ್ಲ, ರೇಡಿಯೊ. ಅದರಲ್ಲಿಯೂ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುತ್ತಾ ಕೂರುವುದಕ್ಕೆ ಖರ್ಚು ಹೆಚ್ಚು ಬೀಳುವುದುಂಟು. ಹಿಂದೆ ಬಹಳ ಬಳಕೆಯಲ್ಲಿದ್ದ ಸಿಸಿ2420 ಎಂಬ ರೇಡಿಯೊ ಚಿಪ್ಪಿಗೆ ಪೂರ್ಣ ಬಲದಲ್ಲಿ ಕಳಿಸಲು 17.4 ಮಿಲಿಆಂಪಿಯರ್ ಬೇಕು, ಕೇಳಲು 18.8. ಯಾರೂ ಮಾತಾಡದಿದ್ದರೂ ಕಿವಿ ತೆರೆದು ಕೂತರೆ 2,500 ಮಿಲಿಆಂಪಿಯರ್-ಗಂಟೆಯ ಸೆಲ್ ಐದೂವರೆ ದಿನಕ್ಕೆ ಖಾಲಿ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ, ಉಳಿದ ಸಣ್ಣಪುಟ್ಟ ಖರ್ಚು ಬಿಟ್ಟು, ಒಂದೂವರೆ ವರ್ಷ. ಯಜಮಾನರ ಪತ್ನಿ ಇದನ್ನು ಕೇಳಿ, ‘ಹಾಗಾದರೆ ನಮ್ಮ ಮನೆಯಲ್ಲಿ ಒಬ್ಬರು ನೂರು ವರ್ಷ ಬಾಳಿಕೆ ಬರುತ್ತಾರೆ’ ಎಂದು ಯಜಮಾನರ ಕಡೆ ನೋಡಿದರು. ನನಗೆ ಬೇಕಾದ ಪದ ಅಲ್ಲಿಯೇ ಸಿಕ್ಕಿತು: ಬಾಳಿಕೆ. ‘ಜಾಲದ ಜೀವಿತಾವಧಿ’ ಹೋಯಿತು, ‘ಜಾಲದ ಬಾಳಿಕೆ’ ಬಂತು. ದಕ್ಷತೆಗೆ ‘ಸೆಲ್ ಉಳಿಸುವುದು’ ಸಾಕು.

ಈಗ ನಿಜವಾದ ಪ್ರಶ್ನೆ. ಅದೇ ಮೂವರು ಎಂಐಟಿಯವರು 2000ದಲ್ಲಿ ಒಂದು ಕ್ರಮವನ್ನೂ ಸೂಚಿಸಿದರು, ಹೆಸರು ಲೀಚ್. (ಮಳೆಗಾಲದಲ್ಲಿ ಮಾಳದ ತೋಟಗಳಲ್ಲಿ ಕಾಲಿಗೆ ಹತ್ತುವ ಜಿಗಣೆಗೂ ಇದಕ್ಕೂ ಸಂಬಂಧವಿಲ್ಲವೆಂದು ಹುಡುಗ ಪ್ರತ್ಯೇಕವಾಗಿ ಹೇಳಬೇಕಾಯಿತು.) ಡಬ್ಬಿಗಳು ಗುಂಪುಗಳಾಗುತ್ತವೆ. ಗುಂಪಿಗೊಂದು ಡಬ್ಬಿ ಮುಖ್ಯಸ್ಥ. ಉಳಿದವು ತಮ್ಮ ಸರದಿಯಲ್ಲಿ ಅದಕ್ಕೆ ಮಾಹಿತಿ ಒಪ್ಪಿಸಿ ಮಲಗುತ್ತವೆ; ಮುಖ್ಯಸ್ಥ ಎಲ್ಲವನ್ನೂ ಒಟ್ಟು ಮಾಡಿ ದೂರದ ಕೇಂದ್ರಕ್ಕೆ ಕಳಿಸಬೇಕು. ಈ ಹೊರೆ ಒಂದೇ ಡಬ್ಬಿಯ ಮೇಲೆ ಬಿದ್ದರೆ ಅದು ಬೇಗ ಸಾಯುತ್ತದೆ. ಆದ್ದರಿಂದ ಮುಖ್ಯಸ್ಥಿಕೆ ಸುತ್ತಿಂದ ಸುತ್ತಿಗೆ ಬದಲಾಗುತ್ತದೆ. ಒಮ್ಮೆ ಹೊತ್ತವನಿಗೆ ಮತ್ತೆ ಬರುವ ಮೊದಲು ಉಳಿದವರೆಲ್ಲ ಹೊತ್ತಿರಬೇಕು. ನೂರಕ್ಕೆ ಐದು ಮುಖ್ಯಸ್ಥರು ಎಂದು ಇಟ್ಟುಕೊಂಡರೆ 20 ಸುತ್ತಿಗೊಮ್ಮೆ ಸರದಿ.

ಉಡುಪಿಯವನ ಬಾಯಿಗೆ ಇದಕ್ಕೆ ಯಾವ ಪದ ಬರುತ್ತದೆ ಎಂದು ಹೇಳಬೇಕೇ? ಪರ್ಯಾಯ! ಕೃಷ್ಣಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಸರದಿಯಂತೆ ಬರುತ್ತದೆ. ಮಧ್ವಾಚಾರ್ಯರು ಎರಡೆರಡು ತಿಂಗಳಿಗೆ ಇಟ್ಟದ್ದನ್ನು ವಾದಿರಾಜರು ಎರಡೆರಡು ವರ್ಷಕ್ಕೆ ಬದಲಿಸಿದರು ಎಂಬುದು ಸಂಪ್ರದಾಯ. ಒಂದು ಮಠಕ್ಕೆ ಬಂದ ಸರದಿ ಮತ್ತೆ ಬರಲು 16 ವರ್ಷ. ಹೊಣೆ, ಖರ್ಚು, ಗೌರವ ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ವ್ಯವಸ್ಥೆ. ಒಂದೇ ಭೇದ, ಮಠಗಳಿಗೆ ಕ್ರಮ ನಿಗದಿಯಾಗಿದೆ. ಲೀಚ್‌ನಲ್ಲಿ ಪ್ರತಿ ಡಬ್ಬಿಯೂ ಚೀಟಿ ಎತ್ತಿದಂತೆ ತನಗೆ ತಾನೇ ತೀರ್ಮಾನಿಸುತ್ತದೆ. ‘ಈ ಸುತ್ತಿನಲ್ಲಿ 7ನೇ ಡಬ್ಬಿಯ ಪರ್ಯಾಯ’ ಎಂದು ಬರೆದೆ. ಮಾಳದಲ್ಲಿ ಒಬ್ಬರೂ ಅರ್ಥ ಕೇಳಲಿಲ್ಲ. ‘ಹಾಗಾದರೆ ಮುಂದಿನದು ಯಾರದ್ದು?’ ಎಂದೇ ಕೇಳಿದರು.

ಆದರೆ ಕೈಪಿಡಿಯನ್ನು ಶಿರಸಿ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೂ ಕೊಡುವ ಮಾತು ಬಂದಿದೆ. ಅಲ್ಲಿ ಪರ್ಯಾಯ ಎಂದರೆ ಬದಲಿ. ‘7ನೇ ಡಬ್ಬಿಯ ಪರ್ಯಾಯ’ ಎಂದರೆ 7ನೆಯದು ಕೆಟ್ಟಿದೆ, ಅದರ ಬದಲಿಗೆ ಬೇರೊಂದು ಇಟ್ಟಿದ್ದಾರೆ ಎಂದೇ ಓದುತ್ತಾರೆ. ನಾನು ಹೇಳಿದ್ದಕ್ಕೆ ತೀರ ಉಲ್ಟಾ. ಸಾಲದ್ದಕ್ಕೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗಲೆಲ್ಲ ನಮ್ಮ ಪತ್ರಿಕೆಗಳೇ ‘ಪರ್ಯಾಯ ಮಾರ್ಗ’ ಎಂದು ಅಚ್ಚು ಹಾಕುತ್ತವೆ, ಮತ್ತು ಒಂದು ಡಬ್ಬಿ ಸತ್ತಾಗ ಮಾಹಿತಿ ಹಿಡಿಯುವ ಇನ್ನೊಂದು ದಾರಿಗೂ ತಜ್ಞರು ಅದನ್ನೇ ಬರೆಯುತ್ತಾರೆ. ಅದನ್ನು ‘ಬದಲಿ ದಾರಿ’ ಮಾಡಿ ಜಗಳ ತಪ್ಪಿಸಿದೆ. ಮುಖ್ಯಸ್ಥಿಕೆಯದ್ದು ಬಗೆಹರಿದಿಲ್ಲ. ಇನ್ನೂ ಒಂದು ಮುಜುಗರ: ನಮ್ಮೂರಿನ ಅರ್ಥ ಅಡ್ಡ ಬಂತೆಂದು ‘ಮಾರ್ಗ’ವನ್ನು ಹೊರಗೆ ಹಾಕಿದವನೇ ನಮ್ಮೂರಿನ ಅರ್ಥದ ಬಲದಿಂದ ‘ಪರ್ಯಾಯ’ವನ್ನು ಒಳಗೆ ತರುತ್ತಿದ್ದೇನೆ. ‘ಸರದಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಒಪ್ಪುತ್ತೇನೆ. ಆದರೆ ಸರದಿ ರೇಷನ್ ಅಂಗಡಿಯ ಸಾಲಿನಲ್ಲಿಯೂ ಬರುತ್ತದೆ. ಅಲ್ಲಿ ಪಡೆಯುವ ಸರದಿ, ಇಲ್ಲಿ ಹೊರುವ ಸರದಿ. ಈ ಹೊರುವ ಭಾವ ಇರುವ ಪದ ನಿಮ್ಮ ಕಡೆ ಇದೆಯೇ? ಊರಹಬ್ಬದ ಹೊಣೆ, ಕೆರೆಯ ನೀರು ಬಿಡುವ ಕೆಲಸ, ದನ ಕಾಯುವುದು ಮನೆಯಿಂದ ಮನೆಗೆ ಬರುವ ಊರುಗಳಲ್ಲಿ ಏನೆನ್ನುತ್ತಾರೆ?

ಉಳಿದ ಎರಡು ಬೇಗ ಮುಗಿಸುತ್ತೇನೆ. ಜಾಲದ ಒಂದೊಂದು ಡಬ್ಬಿಗೆ ಇಂಗ್ಲಿಷಿನಲ್ಲಿರುವ ‘ನೋಡ್’ ಎಂಬ ಹೆಸರಿಗೆ ‘ಗಂಟು’ ಎಂದು ಒಬ್ಬ ಮಿತ್ರರು ಹೇಳಿದರು. ಆ ಪದದ ಲ್ಯಾಟಿನ್ ಮೂಲಕ್ಕೂ ಗಂಟು ಎಂದೇ ಅರ್ಥ, ಜಾಲವೆಂದರೆ ಬಲೆ, ಬಲೆಗೆ ಗಂಟು. ಚೆನ್ನಾಗಿದೆ. ಆದರೆ ‘ನಿಸ್ತಂತು’ ಎಂದು ದಾರವನ್ನೇ ಕಿತ್ತು ಹಾಕಿದ ಮೇಲೆ ಗಂಟು ಹಾಕುವುದು ಯಾವುದಕ್ಕೆ? ತೋಟದಲ್ಲಿ ಎಲ್ಲರೂ ಡಬ್ಬಿ ಎನ್ನುತ್ತಾರೆ, ಕೈಪಿಡಿಯಲ್ಲಿಯೂ ಡಬ್ಬಿಯೇ. ಎಲ್ಲ ಮಾಹಿತಿ ಬಂದು ಸೇರುವ ಪಂಪ್‌ಶೆಡ್ಡಿನ ಡಬ್ಬಿಗೆ ಇಂಗ್ಲಿಷಿನವರು ‘ಸಿಂಕ್’ ಎನ್ನುತ್ತಾರೆ, ಮೊಬೈಲಿನ ಅನುವಾದಕ ಅದನ್ನು ‘ಮುಳುಗು’ ಮಾಡಿತು. ನಾನು ದೋಣಿಗಳೆಲ್ಲ ಬಂದು ಮೀನು ಇಳಿಸುವ ‘ಧಕ್ಕೆ’ಯನ್ನು ಯೋಚಿಸಿದೆ. ಆದರೆ ‘ಮಾಹಿತಿ ಧಕ್ಕೆಗೆ ಬರುತ್ತದೆ’ ಎಂದು ಮೈಸೂರಿನವರು ಓದಿದರೆ ಮಾಹಿತಿಗೆ ಏನೋ ಅನಾಹುತವಾಯಿತೆಂದು ಹೆದರುತ್ತಾರೆ. ಹುಡುಗನ ಗೆಳೆಯ, ಮಂಗಳೂರಿನವನು, ‘ಸ್ಟೇಟ್‌ಬ್ಯಾಂಕ್ ಎಂದು ಬರೆಯಿರಿ ಸರ್, ನಮ್ಮ ಸಿಟಿ ಬಸ್ಸುಗಳೆಲ್ಲ ಅಲ್ಲಿಗೇ ಹೋಗುವುದು’ ಎಂದ. ತಮಾಷೆಗೆ ಅಂದರೂ ಹೋಲಿಕೆ ಎಷ್ಟು ಸರಿ ಎಂದರೆ, ಅಲ್ಲಿಗೆ ಹೋಗುವ ಬಸ್ಸುಗಳ ಭಾರ ಪಕ್ಕದ ಹಂಪನಕಟ್ಟೆಯ ಮೇಲೆ ಬೀಳುವ ಹಾಗೆಯೇ ಪಂಪ್‌ಶೆಡ್ಡಿನ ಪಕ್ಕದ ನಾಲ್ಕು ಡಬ್ಬಿಗಳು ಎಲ್ಲರ ಮಾಹಿತಿ ದಾಟಿಸಿ ದಾಟಿಸಿ ಮೊದಲು ಸಾಯುತ್ತವೆ. ಸದ್ಯಕ್ಕೆ ‘ಕೇಂದ್ರದ ಡಬ್ಬಿ’ ಎಂದಿದೆ.

ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ. ಮುಖ್ಯಸ್ಥಿಕೆಯ ಜಾಗದಲ್ಲಿ ಪೆನ್ಸಿಲಿನಲ್ಲಿ ‘ಪರ್ಯಾಯ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಇಟ್ಟಿದ್ದೇನೆ. ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಕಡೆಯವರು ಯಾರಾದರೂ ಮನೆಯ ಹಿರಿಯರನ್ನು ವಿಚಾರಿಸಿ, ದಡದ ಎರಡು ಗುರುತು ಹೊಂದಿಸಿ ಕಡಲಿನಲ್ಲಿ ಜಾಗ ಹಿಡಿಯುವುದಕ್ಕೆ ಅವರು ಏನೆನ್ನುತ್ತಿದ್ದರು ಎಂದು ತಿಳಿಸಿದರೆ ‘ಗುರುತುಕಲ್ಲ’ನ್ನೂ ಅಳಿಸಲು ಸಿದ್ಧನಿದ್ದೇನೆ. ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿದ್ದರೂ ಆದೀತು.