ಅಪ್ಪನ ಥಂಡರ್‌ಬರ್ಡ್‌ಗೆ ಯಾವ ಬ್ಯಾಕ್‌ರೆಸ್ಟ್?

ವಾಟ್ಸಾಪ್ ಗುಂಪು: ಶಿವಮೊಗ್ಗ ಮನೆ

ಅಣ್ಣ: (ಚಿತ್ರ) ಇದನ್ನು ನೋಡಿ. ಬ್ಯಾಕ್‌ರೆಸ್ಟ್, ಕ್ರ್ಯಾಶ್ ಗಾರ್ಡ್ ಎರಡೂ ಸೇರಿ ಒಂದೇ ಬೆಲೆ. ಎಲ್ಲ ರಾಯಲ್ ಎನ್‌ಫೀಲ್ಡ್ ಗಾಡಿಗಳಿಗೂ ಹೊಂದುತ್ತದೆ ಎಂದು ಬರೆದಿದ್ದಾರೆ. ಈಗಲೇ ತರಿಸುತ್ತೇನೆ. ಗಾಡಿ ಮೂವರಿಗೂ ಸೇರಿದ್ದು, ದುಡ್ಡನ್ನೂ ಮೂವರೂ ಹಂಚಿಕೊಳ್ಳೋಣ.

ಅಕ್ಕ: ತರಿಸು. ಹಳೆಯದು ಮುರಿದಾಗಿನಿಂದ ಅಮ್ಮ ಹಿಂದೆ ಕೂರಲು ಹೆದರುತ್ತಾರೆ. ಒರಗಿಕೊಳ್ಳಲು ಏನಾದರೂ ಬೇಕೇ ಬೇಕು.

ನಾನು: ಅಣ್ಣ, ದಯವಿಟ್ಟು ದುಡ್ಡು ಕಟ್ಟಬೇಡ. ಚಿತ್ರವನ್ನು ದೊಡ್ಡದು ಮಾಡಿ ಬುಡದ ಪಟ್ಟಿಯನ್ನು ನೋಡು. ಬೋಲ್ಟು ಹಾಕಲು ದುಂಡು ರಂಧ್ರವಿಲ್ಲ, ಉದ್ದನೆಯ ಸೀಳಿದೆ. ಯಾವ ಗಾಡಿಗಾದರೂ ಹೇಗೋ ಕೂರಲಿ ಎಂದು ಹಾಗೆ ಮಾಡಿರುತ್ತಾರೆ. ಎಷ್ಟೇ ಬಿಗಿ ಮಾಡಿದರೂ ಎಂಜಿನ್ನಿನ ನಡುಕಕ್ಕೆ, ರಸ್ತೆಯ ಹೊಡೆತಕ್ಕೆ ಬೋಲ್ಟು ಸೀಳಿನೊಳಗೆ ಜಾರಬಹುದು. ಅಮ್ಮ ಪೂರ್ತಿ ಭಾರ ಬಿಟ್ಟು ಒರಗಿದಾಗ ಅದು ಹಿಂದಕ್ಕೆ ವಾಲಿದರೆ ಏನು ಗತಿ?

ಅಣ್ಣ: ಕೆಳಗೆ ಥಂಡರ್‌ಬರ್ಡ್ ಎಂದು ಹೆಸರು ಹಾಕಿಯೇ ಇದ್ದಾರಲ್ಲ.

ನಾನು: ಯಾವ ಥಂಡರ್‌ಬರ್ಡ್? 2002ರಲ್ಲಿ ಬಂದದ್ದಕ್ಕೆ ಎವಿಎಲ್ ಎಂಬ ಹಳೆಯ ಎಂಜಿನ್ ಇತ್ತು. ಆಮೇಲೆ ಎರಡು ಸ್ಪಾರ್ಕ್ ಪ್ಲಗ್ಗಿನ ಟ್ವಿನ್‌ಸ್ಪಾರ್ಕ್ ಬಂತು. 2012ರಲ್ಲಿ 20 ಲೀಟರಿನ ಟ್ಯಾಂಕ್, ಪ್ರೊಜೆಕ್ಟರ್ ಹೆಡ್‌ಲೈಟ್, ಎರಡು ಭಾಗದ ಸೀಟು ಬಂದು ಗಾಡಿಯ ಹಿಂಭಾಗವೇ ಬದಲಾಯಿತು. ಅಪ್ಪ 2014ರಲ್ಲಿ ತಂದದ್ದು ಇದನ್ನು. ಮಾರುವವನು ಇಸವಿಯನ್ನೂ ಬಿಡಿಭಾಗದ ಸಂಖ್ಯೆಯನ್ನೂ ಹಾಕಿಲ್ಲ. ಕೇಳಿದರೆ ಹೇಳುತ್ತಾನೋ ನೋಡು.

ಭಾವ: ಮೀಟಿಯರ್‌ನದು ಹೊಂದುವುದಿಲ್ಲವೇ? ಇದರ ಜಾಗಕ್ಕೆ ಬಂದ ಗಾಡಿ ತಾನೇ. ಅದರ ಸಾಮಾನು ಶೋರೂಮಿನಲ್ಲಿ ಧಾರಾಳವಾಗಿ ಸಿಗುತ್ತದೆ.

ನಾನು: ಜಾಗಕ್ಕೆ ಬಂದದ್ದು ನಿಜ ಭಾವ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿಗೆ ಥಂಡರ್‌ಬರ್ಡ್ ನಿಂತಿತು, ಅದೇ ನವೆಂಬರ್‌ನಲ್ಲಿ ಮೀಟಿಯರ್ ಬಂತು. ಆದರೆ ಚಾಸಿಯಿಂದ ಹಿಡಿದು ಎಲ್ಲವೂ ಬೇರೆ. ಹಿಂದಿನ ಚಕ್ರ ಅದಕ್ಕೆ 17 ಅಂಗುಲ, ನಮ್ಮದಕ್ಕೆ 18. ಸೀಟಿನ ಆಕಾರ, ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆ ಕೂರುವ ಜಾಗ ಯಾವುದೂ ಒಂದೇ ಅಲ್ಲ.

ಅಣ್ಣ: ಒಂದು ಬ್ಯಾಕ್‌ರೆಸ್ಟಿಗೆ ಇಷ್ಟು ಪರದಾಟವಾದರೆ ನಾಳೆ ಎಂಜಿನ್ ಕೆಟ್ಟಾಗ ಏನು ಮಾಡುತ್ತೀಯ? ಈಗಲೇ ಒಳ್ಳೆಯ ಬೆಲೆಗೆ ಮಾರಿಬಿಡುವುದು ಮೇಲು.

ನಾನು: ಎಂಜಿನ್ನಿನ ಚಿಂತೆ ಬೇಡವೇ ಬೇಡ. ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ ನಮ್ಮ 346 ಸಿಸಿ ಯುಸಿಇ ಎಂಜಿನ್ನೇ ಹಳೆಯ ಕ್ಲಾಸಿಕ್ 350ರಲ್ಲಿ 2021ರವರೆಗೂ ಬಂದಿದೆ, ಬುಲೆಟ್‌ನಲ್ಲೂ ಇತ್ತು. ಅಂಥ ಗಾಡಿಗಳು ಲಕ್ಷಗಟ್ಟಲೆ ಓಡಾಡುತ್ತಿವೆ. ಕ್ಲಚ್ ಪ್ಲೇಟು, ಆಯಿಲ್ ಫಿಲ್ಟರು, ಪಿಸ್ಟನ್ನು ಇವೆಲ್ಲ ಇಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲೇ ಸಿಗುತ್ತವೆ, ಬಿಚ್ಚಿ ಕಟ್ಟುವ ಕೈಗಳೂ ಇವೆ. ನಿಂತುಹೋದ ಗಾಡಿಗೆ ನಿಜವಾದ ಬರ ಬರುವುದು ಹೊರಗಿನ ಸಾಮಾನಿಗೆ. ಸೀಟು, ಟ್ಯಾಂಕಿನ ಮುಚ್ಚಳ, ಪಕ್ಕದ ಕವಚ, ಬ್ಯಾಕ್‌ರೆಸ್ಟ್ ಇವು ಆ ಮಾದರಿಗೆ ಮಾತ್ರ ಮಾಡಿದವು. ಡೀಲರ್ ಹತ್ತಿರ ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಿದೆ, ದಾಸ್ತಾನು ಇಲ್ಲ ಎಂದರು. ಹಾಗೆಂದು ಮಾರುವುದೇ? ಅಪ್ಪ ಕೊನೆಯವರೆಗೂ ತಮ್ಮ ಕೈಯಲ್ಲೇ ಒರೆಸಿ ಇಟ್ಟುಕೊಂಡಿದ್ದ ಗಾಡಿ ಅದು. ನಾನಂತೂ ಒಪ್ಪುವುದಿಲ್ಲ.

ಚಿಕ್ಕಪ್ಪ: ಎಲ್ಲಿಂದಲೋ ಯಾಕೆ ತರಿಸುತ್ತೀರಿ? ನಮ್ಮ ವೆಲ್ಡಿಂಗ್ ಅಂಗಡಿಯವನು ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಹಿಂದಿನ ಹಿಡಿಕೆ ಕತ್ತರಿಸಿ ತೆಗೆದು, ಚಾಸಿಗೇ ಎರಡು ಪೈಪು ಹಚ್ಚಿದರೆ ಆನೆ ಒರಗಿದರೂ ಅಲುಗಾಡುವುದಿಲ್ಲ.

ನಾನು: ಚಿಕ್ಕಪ್ಪ, ನಿಮ್ಮ ಮಾತು ಮೀರುತ್ತೇನೆಂದು ಬೇಸರ ಮಾಡಿಕೊಳ್ಳಬೇಡಿ, ಇದು ಮಾತ್ರ ಬೇಡ. ಚಾಸಿಯ ಕೊಳವೆ ತೆಳು ಉಕ್ಕಿನದು. ಕಾಯಿಸಿ ಬೆಸೆದ ಜಾಗದ ಪಕ್ಕದಲ್ಲಿ ಅದು ಬಲ ಕಳೆದುಕೊಳ್ಳುತ್ತದೆ. ಮುಂದೆ ಬಿರುಕು ಬಿಡುವುದು ಅಲ್ಲೇ, ಬಣ್ಣ ಸುಟ್ಟುಹೋಗಿ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುವುದೂ ಅಲ್ಲೇ. ಬೋಲ್ಟಿನಿಂದ ಕೂರಿಸಿದ್ದು ಸರಿಹೋಗದಿದ್ದರೆ ಬಿಚ್ಚಬಹುದು, ಬೆಸೆದದ್ದನ್ನು ಬಿಚ್ಚುವುದು ಹೇಗೆ? ಹಿಡಿಕೆಯನ್ನಂತೂ ಮುಟ್ಟುವ ಹಾಗೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡ್ ಇರಲೇಬೇಕು. ಅಮ್ಮ ಸೀರೆ ಉಟ್ಟು ಪಕ್ಕಕ್ಕೆ ಕೂರುವವರು, ಆ ಹಿಡಿಕೆಯೇ ಅವರಿಗೆ ಆಸರೆ.

ಅಕ್ಕ: ಅದು ಬೇಡ, ಇದು ಬೇಡ ಎಂದರೆ ಬೇಕಾದ್ದು ಏನು? ಅದನ್ನು ಮೊದಲು ಹೇಳು.

ನಾನು: ಹೇಳುತ್ತೇನೆ ಅಕ್ಕ. ಮೊದಲ ಆಯ್ಕೆ, ಇದೇ ಮಾದರಿಯ ಗಾಡಿಯಿಂದ ಬಿಚ್ಚಿದ ಹಳೆಯ ಅಸಲಿ ಬ್ಯಾಕ್‌ರೆಸ್ಟ್. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕೇಳಬೇಕು, ಜೆ.ಸಿ. ರಸ್ತೆಯಲ್ಲೂ ವಿಚಾರಿಸಬೇಕು. ಕುಶನ್ ಹರಿದಿದ್ದರೂ ಚಿಂತೆಯಿಲ್ಲ, ಹೊಸದಾಗಿ ಹೊಲಿಸಬಹುದು. ಕಬ್ಬಿಣ ಸೊಟ್ಟಗಾಗಿರಬಾರದು, ಬೆಸುಗೆಯಲ್ಲಿ ಬಿರುಕಿರಬಾರದು. ಅದು ಸಿಗದಿದ್ದರೆ ಮಾತ್ರ ಇಲ್ಲೇ ಮಾಡಿಸೋಣ, ಅದೂ ಗಾಡಿಯಲ್ಲಿ ಈಗಿರುವ ರಂಧ್ರಗಳಿಗೇ ಬೋಲ್ಟು ಕೂರುವಂತೆ.

ಇವತ್ತು ಸಂಜೆ ಹಿಡಿಕೆಯ ಬೋಲ್ಟುಗಳನ್ನು ಬಿಚ್ಚಿ, ದಪ್ಪ ರಟ್ಟನ್ನು ಆ ಜಾಗಕ್ಕೆ ಒತ್ತಿ ಹಿಡಿದು ರಂಧ್ರಗಳ ಗುರುತು ತೆಗೆದಿದ್ದೇನೆ. ಗುರುತಿದ್ದಲ್ಲಿ ಚುಚ್ಚಿ, ಅದೇ ಬೋಲ್ಟನ್ನು ರಟ್ಟಿನ ಮೂಲಕ ಹಾಕಿ ನೋಡಿದೆ, ಸಲೀಸಾಗಿ ಕೂತಿತು. ಅಂಗಡಿಯಲ್ಲಿ ಈ ರಟ್ಟನ್ನು ಬ್ಯಾಕ್‌ರೆಸ್ಟಿನ ಬುಡಕ್ಕೆ ಇಟ್ಟು ನೋಡಿದರೆ ಸಾಕು. ಅವರು ಯಾವ ಹೆಸರು ಹೇಳಿದರೂ ರಂಧ್ರ ಸೇರದಿದ್ದರೆ ಬಿಟ್ಟು ಬಾ.

ಅಣ್ಣ: ಹೋಗಬೇಕಾದವನು ನಾನೇ ಎಂದಾಯಿತು.

ನಾನು: ಬೆಂಗಳೂರಿನಲ್ಲಿ ಇರುವವನು ನೀನೊಬ್ಬನೇ.

ಅಣ್ಣ: ಮತ್ತೆ ಕ್ರ್ಯಾಶ್ ಗಾರ್ಡ್?

ನಾನು: ಇರುವುದು ಗಟ್ಟಿಯಾಗಿದೆ, ಬಣ್ಣ ಹೋಗಿದೆ ಅಷ್ಟೇ. ನಮ್ಮ ಗಾಡಿಯ ಫುಟ್‌ರೆಸ್ಟ್ ಕ್ಲಾಸಿಕ್‌ಗಿಂತ ಮುಂದಿದೆ. ಬೇರೆ ಗಾಡಿಯ ಅಳತೆಯ ಗಾರ್ಡ್ ಹಾಕಿದರೆ ಕಾಲಿಗೆ ತಾಗುವ ಸಂಭವವಿದೆ.

ಅಕ್ಕ: ಬ್ಯಾಕ್‌ರೆಸ್ಟ್ ಕೂರುವವರೆಗೂ ಅಮ್ಮನನ್ನು ಆ ಗಾಡಿಯ ಮೇಲೆ ಕರೆದುಕೊಂಡು ಹೋಗಬೇಡ. ಆಸ್ಪತ್ರೆಗೆ ಆಟೋದಲ್ಲಿ ಹೋಗಲಿ, ದುಡ್ಡು ನಾನು ಕಳುಹಿಸುತ್ತೇನೆ.

ನಾನು: ಆಗಲಿ ಅಕ್ಕ.

ಚಿಕ್ಕಪ್ಪ: ಅಲ್ಲಿ ಸಿಗದಿದ್ದರೆ ಆ ರಟ್ಟನ್ನು ನನ್ನ ಹತ್ತಿರ ತಾ. ಬೋಲ್ಟು ಕೂರುವಂತೆಯೇ ಮಾಡಿಸೋಣ, ಪಕ್ಕದಲ್ಲಿ ನಾನೇ ನಿಂತಿರುತ್ತೇನೆ.

ಅಣ್ಣ: ಸರಿ, ರಟ್ಟನ್ನು ನಾಳೆಯ ಬಸ್ಸಿಗೆ ಹಾಕು. ಶನಿವಾರ ಹೋಗುತ್ತೇನೆ. ಅಲ್ಲೂ ಸಿಗದಿದ್ದರೆ ಮಾರುವ ಮಾತನ್ನು ಮತ್ತೆ ಎತ್ತುತ್ತೇನೆ, ಈಗಲೇ ಹೇಳಿದ್ದೇನೆ.

ನಾನು: ಎತ್ತು, ಅಮ್ಮನ ಎದುರಿಗೇ ಮಾತಾಡೋಣ. ರಟ್ಟಿನ ಜೊತೆ ಒಂದು ಬೋಲ್ಟನ್ನೂ ಕಟ್ಟಿ ಕಳುಹಿಸುತ್ತೇನೆ. ಅದರ ದಪ್ಪಕ್ಕೂ ಬುಡದ ರಂಧ್ರ ಹೊಂದಬೇಕು, ಮರೆಯಬೇಡ.