ಕೈಲಾಸ–ಮಾನಸ ಸರೋವರಕ್ಕೆ ರಸ್ತೆ ಮಾರ್ಗದಲ್ಲಿ ತಂಡದೊಂದಿಗೆ ಹೋಗಿ ಬಂದವರು ಈಗ ಏನು ಹೇಳುತ್ತೀರಿ?

ತುಂಗಾತೀರ:
ನನ್ನ ತಾಯಿಗೆ 63 ವರ್ಷ. ಮಂಡಿನೋವಿನ ಹೊರತು ಬೇರೆ ಕಾಯಿಲೆಯಿಲ್ಲ. ಅವರನ್ನು ಕೈಲಾಸ ಯಾತ್ರೆಗೆ ಕರೆದೊಯ್ಯಬೇಕೆಂಬುದು ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಇರುವ ಮಾತು. ಕಠ್ಮಂಡುವಿನಿಂದ ನೇಪಾಳದ ಗಡಿಯ ರಸುವಾಗಢಿ, ಟಿಬೆಟ್‌ನ ಕೇರುಂಗ್, ಸಾಗಾ ಮೂಲಕ ಬಸ್ಸಿನಲ್ಲಿ ಸಾಗುವ ಎರಡು ವಾರಗಳ ಪ್ರವಾಸ ಒಂದು ಕಡೆ. ಸಿಮಿಕೋಟ್, ಹಿಲ್ಸಾ ಮೂಲಕ ಹೆಲಿಕಾಪ್ಟರಿನಲ್ಲಿ ಬೇಗ ಮುಗಿಯುವ, ಆದರೆ ದುಬಾರಿಯಾದ ಪ್ರವಾಸ ಇನ್ನೊಂದು ಕಡೆ. ಊರಿಗೆ ಬಂದ ಮರುದಿನವೇ ಬರೆದ ಹೊಗಳಿಕೆಗಳನ್ನು ಸಾಕಷ್ಟು ಓದಿದ್ದೇನೆ. ಹೋಗಿ ಬಂದು ಕೆಲವು ವರ್ಷಗಳಾದವರು ಈಗ ತಿರುಗಿ ನೋಡಿದಾಗ ಆ ರಸ್ತೆ ಪ್ರಯಾಣ ಹೇಗೆ ಕಾಣುತ್ತದೆ, ಮತ್ತೆ ಅದೇ ದಾರಿಯನ್ನು ಆರಿಸಿಕೊಳ್ಳುತ್ತೀರಾ ಎಂಬುದನ್ನು ದಯವಿಟ್ಟು ತಿಳಿಸಿ.

ಹದಿನೇಳನೆಯವನು:
ನಾನು 2019ರ ಜೂನ್‌ನಲ್ಲಿ 34 ಜನರ ತಂಡದೊಂದಿಗೆ ಹೋಗಿದ್ದೆ. ನನ್ನ ಉತ್ತರ ಹೌದು, ಮತ್ತೆ ಅದೇ ದಾರಿಯಲ್ಲಿಯೇ ಹೋಗುತ್ತೇನೆ. ಆದರೆ ಬಸ್ಸಿನಲ್ಲಿ ಹೋದರೆ ದೇಹ ತಾನಾಗಿಯೇ ಎತ್ತರಕ್ಕೆ ಒಗ್ಗುತ್ತದೆ ಎಂದು ಪ್ರವಾಸ ಸಂಸ್ಥೆಗಳವರು ಹೇಳುವುದು ಅರ್ಧ ಸತ್ಯ ಮಾತ್ರ.

ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪಶುಪತಿನಾಥನ ದರ್ಶನ ಮಾಡಿದೆವು. ಆ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ನಮ್ಮ ಕಡೆಯವರೇ ಎಂದು ತಿಳಿದ ಮೇಲೆ ತಂಡದ ಹಿರಿಯರಿಗೆ ಅರ್ಧ ಯಾತ್ರೆ ಅಲ್ಲಿಯೇ ಮುಗಿದಷ್ಟು ಸಂತೋಷವಾಯಿತು. ಮರುದಿನ ಧುಂಚೆ, ಸ್ಯಾಬ್ರುಬೇಸಿಗಳ ಮೂಲಕ ಗಡಿಗೆ ಹೋಗುವ ರಸ್ತೆ ಇಡೀ ಪ್ರಯಾಣದಲ್ಲೇ ಅತ್ಯಂತ ಕೆಟ್ಟದ್ದು. ಒಂದು ಕಡೆ ಕುಸಿಯುವ ಗುಡ್ಡ, ಇನ್ನೊಂದು ಕಡೆ ಕೆಳಗೆಲ್ಲೋ ಹೊಳೆ. ಸೇತುವೆ ದಾಟಿ ಟಿಬೆಟ್ ಸೇರಿದೊಡನೆ ನುಣುಪಾದ ಡಾಂಬರು ರಸ್ತೆ ಸಿಗುತ್ತದೆ, ಗಡಿಯಾರವನ್ನು ನೇಪಾಳದ ಸಮಯಕ್ಕಿಂತ ಎರಡೂಕಾಲು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕಾಗುತ್ತದೆ.

ವೀಸಾ ಎಂಬುದು ಪ್ರತಿಯೊಬ್ಬರ ಪಾಸ್‌ಪೋರ್ಟಿನಲ್ಲಿ ಒತ್ತಿದ ಮುದ್ರೆಯಲ್ಲ. ಇಡೀ ತಂಡಕ್ಕೆ ಸೇರಿ ಒಂದೇ ಹಾಳೆ. ಆ ಹಾಳೆಯಲ್ಲಿ ಹೆಸರಿರುವ ಕ್ರಮದಲ್ಲಿಯೇ ಸಾಲಾಗಿ ನಿಲ್ಲಬೇಕು. ನಾನು ಹದಿನೇಳನೆಯವನು, ನನ್ನ ಹಿಂದೆ ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟರು ಹದಿನೆಂಟನೆಯವರು. ತಪಾಸಣೆಗೆ ನಿಂತಾಗಲೆಲ್ಲ ಅವರು ಹಿಂದಿನಿಂದ ನನ್ನ ಚೀಲದ ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಿರುತ್ತಿದ್ದರು, ಜಾತ್ರೆಯಲ್ಲಿ ಮಕ್ಕಳು ಸೆರಗು ಹಿಡಿದಂತೆ. ಇಂದಿಗೂ ನನ್ನ ಫೋನಿನಲ್ಲಿ ಅವರ ಹೆಸರು ‘ಹದಿನೆಂಟು’ ಎಂದೇ ಇದೆ.

ಇನ್ನು ಎತ್ತರದ ವಿಚಾರ. ಕೇರುಂಗ್ ಸುಮಾರು 2,800 ಮೀಟರಿನಲ್ಲಿದ್ದರೆ ಸಾಗಾ 4,500 ಮೀಟರಿನ ಆಸುಪಾಸಿನಲ್ಲಿದೆ. ನಡುವೆ 5,000 ಮೀಟರ್ ಮೀರಿದ ಘಟ್ಟವೊಂದನ್ನು ಹತ್ತಿಳಿದು ಒಂದೇ ಹಗಲಿನಲ್ಲಿ ಅಷ್ಟು ಎತ್ತರಕ್ಕೆ ಹೋಗಿಬಿಡುತ್ತೇವೆ. ದಾರಿಯಲ್ಲಿ ಸಿಗುವ ಪೈಕು ಸರೋವರದ ನೀಲಿಯನ್ನು ಎಲ್ಲರೂ ಕಿಟಕಿಗೆ ಮುಖವೊತ್ತಿ ನೋಡಿದರು. ರಾತ್ರಿ ಸಾಗಾದಲ್ಲಿ ಅದೇ ಜನ ತಲೆ ಹಿಡಿದುಕೊಂಡು ಕುಳಿತಿದ್ದರು. ಆದ್ದರಿಂದ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಊಟದ ವಿವರವನ್ನಲ್ಲ. ಕೇರುಂಗ್‌ನಲ್ಲಿ ಎರಡು ರಾತ್ರಿ, ಸಾಧ್ಯವಾದರೆ ಸಾಗಾದಲ್ಲಿಯೂ ಎರಡು ರಾತ್ರಿ ಇವೆಯೇ ಎಂಬುದನ್ನು. ನಮಗೆ ಎರಡೂ ಕಡೆ ಒಂದೊಂದು ದಿನದ ಬಿಡುವಿತ್ತು. ಆಗ ಅದು ವ್ಯರ್ಥ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ 4,590 ಮೀಟರಿನ ಸರೋವರದ ದಡದಲ್ಲಿ ನೆಟ್ಟಗೆ ಕುಳಿತು ಜಪ ಮಾಡಲು ಸಾಧ್ಯವಾದದ್ದು ಆ ಎರಡು ದಿನಗಳಿಂದಲೇ.

ಅಡುಗೆಯವರ ಬಗ್ಗೆಯೂ ಒಂದು ಮಾತು. ಅಷ್ಟು ಎತ್ತರದಲ್ಲಿ ನೀರು 100 ಡಿಗ್ರಿಗೆ ಬಹಳ ಮೊದಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ನಮ್ಮೊಡನೆ ಬಂದಿದ್ದ ನೇಪಾಳಿ ಹುಡುಗರು ಬೆಳಗಿನ ಕೊರೆಯುವ ಚಳಿಯಲ್ಲಿ ಎದ್ದು ಉಪ್ಪಿಟ್ಟು ಮಾಡುತ್ತಿದ್ದರು. ಅದಕ್ಕೆ ಒಗ್ಗರಣೆ ಸಾಲದು ಎಂದು ದೂರಿದವರಿಗೆ ಕೈಲಾಸನಾಥನೇ ಬುದ್ಧಿ ಕೊಡಬೇಕು.

ಮೌನವ್ರತ:
ನನ್ನ ಅನುಭವ ಇಷ್ಟು ಹಿತವಾದದ್ದಲ್ಲ. ನಾವೂ ಇದೇ ದಾರಿಯಲ್ಲಿ ಹೋದವರು. ಕಠ್ಮಂಡುವಿನಲ್ಲಿ ವೀಸಾ ಎರಡು ದಿನ ತಡವಾಯಿತು. ನಮ್ಮ ಪ್ರವಾಸ ಸಂಸ್ಥೆಯವರು ಆ ಎರಡು ದಿನಗಳನ್ನು ಸರಿದೂಗಿಸಲು ಕೇರುಂಗ್‌ನ ಬಿಡುವನ್ನು ರದ್ದುಮಾಡಿದರು, ಮತ್ತು ನಾವು ಯಾರೂ ಅದನ್ನು ಪ್ರಶ್ನಿಸಲಿಲ್ಲ. ಸಾಗಾದಲ್ಲಿ ನನ್ನ ಯಜಮಾನರಿಗೆ ರಾತ್ರಿಯಿಡೀ ವಾಂತಿ. ಬೆಳಗಾಗುವಾಗ ಮಾತು ತೊದಲತೊಡಗಿತ್ತು. ಇಂಥ ಸ್ಥಿತಿಯಲ್ಲಿ ಆಮ್ಲಜನಕದ ಸಿಲಿಂಡರ್ ಸ್ವಲ್ಪ ಹೊತ್ತಿನ ಆಸರೆಯಷ್ಟೇ, ಕೆಳಕ್ಕೆ ಇಳಿಸುವುದೇ ನಿಜವಾದ ಚಿಕಿತ್ಸೆ. ಆದರೆ ಹಾಳೆ ಒಂದೇ ಆದ್ದರಿಂದ ಒಬ್ಬರನ್ನು ಬೇರ್ಪಡಿಸಿ ಗಡಿ ದಾಟಿಸಲು ಬೇರೆ ಕಾಗದಪತ್ರ, ಬೇರೆ ಶುಲ್ಕ, ಬೇರೆ ವಾಹನ ಬೇಕಾಗುತ್ತವೆ. ಅವರನ್ನು ಕೇರುಂಗ್‌ಗೆ ಕಳುಹಿಸುವಷ್ಟರಲ್ಲಿ ಸಂಜೆಯಾಗಿತ್ತು. ಕೆಳಗಿಳಿದ ಮೇಲೆ ಚೇತರಿಸಿಕೊಂಡರು.

ಅವರ ಒತ್ತಾಯಕ್ಕೆ ನಾನು ಮುಂದೆ ಹೋದೆ. ಪರಿಕ್ರಮ ಸುಮಾರು 52 ಕಿಲೋಮೀಟರ್, ಮೂರು ದಿನ. ಮೊದಲ ದಿನ ಯಮದ್ವಾರದಿಂದ ದಿರಾಪುಕ್‌ವರೆಗೆ ನಡೆದೆ. ಕೈಲಾಸದ ಉತ್ತರ ಮುಖ ಅಲ್ಲಿ ಗೋಡೆಯಂತೆ ಎದುರಿಗೇ ನಿಲ್ಲುತ್ತದೆ. ಮರುದಿನ 5,630 ಮೀಟರಿನ ಡೋಲ್ಮಾ ಲಾ ಎಂಬ ಘಟ್ಟ ಹತ್ತದೆ ಹಿಂತಿರುಗಿದೆ. ಅದನ್ನು ಸೋಲು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ಕೇರುಂಗ್‌ನಲ್ಲಿ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದಕ್ಕೆ ಮಾತ್ರ ಇಂದಿಗೂ ಮನಸ್ಸು ಚುಚ್ಚುತ್ತದೆ. ನಿಮ್ಮ ತಾಯಿಯವರ ಪರವಾಗಿ ಜೋರಾಗಿ ಮಾತನಾಡುವ ಒಬ್ಬರು ಅವರ ಜೊತೆಯಲ್ಲಿ ಇರಲಿ.

ನಕಾಶೆಪ್ರಿಯ:
ಹೆಲಿಕಾಪ್ಟರ್ ಮಾರ್ಗ ಬೇಗ ಮುಗಿಯುತ್ತದೆ ಎಂಬುದು ಮೋಡ ಕೃಪೆ ಮಾಡಿದರೆ ಮಾತ್ರ. 2018ರ ಜುಲೈನಲ್ಲಿ ಸಿಮಿಕೋಟ್ ಮತ್ತು ಹಿಲ್ಸಾಗಳಲ್ಲಿ ಹವಾಮಾನ ಕೆಟ್ಟು ನೂರಾರು ಭಾರತೀಯರು ಸಿಲುಕಿಕೊಂಡಾಗ ಅವರಲ್ಲಿ ಕನ್ನಡಿಗರೂ ಬಹಳ ಮಂದಿ ಇದ್ದರು. ಹಾಗೆಂದು ರಸ್ತೆಯೂ ಶಾಶ್ವತವಲ್ಲ. 2015ರ ಭೂಕಂಪದ ನಂತರ ಕೊದಾರಿ ಗಡಿಯ ಹಳೆಯ ದಾರಿ ಮುಚ್ಚಿದ್ದರಿಂದಲೇ ಕೇರುಂಗ್ ಮಾರ್ಗ ಯಾತ್ರಿಕರಿಗೆ ಮುಖ್ಯವಾದದ್ದು. 2025ರ ಜುಲೈ ಪ್ರವಾಹದಲ್ಲಿ ರಸುವಾಗಢಿಯ ಸೇತುವೆಯೇ ಕೊಚ್ಚಿಹೋಯಿತು. ಹಣ ಕಟ್ಟುವ ಮೊದಲು ಯಾವ ಗಡಿಯ ಮೂಲಕ ಕರೆದೊಯ್ಯುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಿದೇಶಾಂಗ ಸಚಿವಾಲಯದ ಯಾತ್ರೆಯೂ 2025ರಲ್ಲಿ ಮತ್ತೆ ಆರಂಭವಾಗಿದೆ. ಅದರಲ್ಲಿ ವಯೋಮಿತಿ 70ರವರೆಗೆ ಇರುವುದರಿಂದ ನಿಮ್ಮ ತಾಯಿಯವರಿಗೆ ಅವಕಾಶವಿದೆ, ಆದರೆ ವೈದ್ಯಕೀಯ ತಪಾಸಣೆ ಬಿಗಿಯಾಗಿರುತ್ತದೆ.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಕೇರುಂಗ್ ಮತ್ತು ಸಾಗಾದ ಬಿಡುವಿನ ದಿನಗಳ ಬಗ್ಗೆ ಸಂಸ್ಥೆಯವರಿಗೆ ಇಂದೇ ಬರೆಯುತ್ತೇನೆ; ಜೊತೆಗೆ ನಾನೂ ಹೋಗುವುದೆಂದು ನಿಶ್ಚಯಿಸಿದ್ದೇನೆ. ಇನ್ನೊಂದು ಸಂದೇಹ: ತಾಯಿಯವರು ನೆರೆಹೊರೆಯವರಿಗೆಲ್ಲ ಹಂಚಲು ಐದು ಲೀಟರ್ ತೀರ್ಥ ತರಬೇಕೆನ್ನುತ್ತಾರೆ. ತರಲು ಸಾಧ್ಯವೇ?

ಹದಿನೇಳನೆಯವನು:
ನಾವು ಹೋದಾಗ ಸರೋವರಕ್ಕಿಳಿದು ಸ್ನಾನ ಮಾಡಲು ಬಿಡುತ್ತಿರಲಿಲ್ಲ. ಬಕೆಟ್ಟಿನಲ್ಲಿ ನೀರು ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ. ಐದು ಲೀಟರ್ ಬೇಡ, ಒಂದು ಲೀಟರಿನ ಗಟ್ಟಿ ಬಾಟಲಿ ಸಾಕು. ನಾನು ತೆಳುವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದ್ದೆ. ಕಠ್ಮಂಡುವಿನಲ್ಲಿ ಚೀಲ ತೆರೆದಾಗ, ಕೆಳಗಿನ ಗಾಳಿಯ ಒತ್ತಡಕ್ಕೆ ಅದು ಯಾರೋ ಮುಷ್ಟಿಯಲ್ಲಿ ಹಿಂಡಿದಂತೆ ನಜ್ಜುಗುಜ್ಜಾಗಿತ್ತು. ನೀರು ಚೆಲ್ಲಿರಲಿಲ್ಲ. ಆ ಬಾಟಲಿ ಹಾಗೆಯೇ ದೇವರ ಮನೆಯಲ್ಲಿದೆ.